ಪಡೆದುಕೊಂಡು ಬಂದವರು ಯಾರು? ಜಾನ್ ರಾಲ್ಸ್ ಅವರ ಬದುಕು, ಬರಹ

1970ರ ಏಪ್ರಿಲ್ 24. ವಿದ್ವಾಂಸರು ಒಂದು ವರ್ಷ ನೆಮ್ಮದಿಯಾಗಿ ಕೂತು ಓದಿ ಬರೆಯಲೆಂದೇ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ಕಟ್ಟಿದ್ದ ಸಂಶೋಧನಾ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದರು. ವಿಯೆಟ್ನಾಂ ಯುದ್ಧದ ಸಿಟ್ಟಿನಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಕುದಿಯುತ್ತಿದ್ದ ಕಾಲ ಅದು. ಆ ಬೆಂಕಿಯ ಕತೆ ಕನ್ನಡದ ಕೆಲವು ಓದುಗರಿಗಾದರೂ ಗೊತ್ತಿರುತ್ತದೆ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಆಗ ಅಲ್ಲಿದ್ದರು. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ವಾಸವಿದ್ದು ಬರೆದುಕೊಂಡ ಟಿಪ್ಪಣಿಗಳನ್ನು ವರ್ಷಗಟ್ಟಲೆ ಓರಣ ಮಾಡಿ, ಮೂರು ಪ್ರತಿ ಇಟ್ಟುಕೊಂಡಿದ್ದರು. ಮೂರೂ ಅವರ ಕೋಣೆಯಲ್ಲೇ ಇದ್ದವು. ಮೂರೂ ಸುಟ್ಟುಹೋದವು. ಆಮೇಲೆ ಅವರು ಬರಿಯ ನೆನಪಿನ ಬಲದಿಂದ ಆ ಹಳ್ಳಿಯನ್ನು ಮತ್ತೆ ಕಟ್ಟಿದರು. 1976ರಲ್ಲಿ ಅದು 'ದಿ ರಿಮೆಂಬರ್ಡ್ ವಿಲೇಜ್' ಎಂಬ ಪುಸ್ತಕವಾಯಿತು.

ಅದೇ ಕೇಂದ್ರದ ಇನ್ನೊಂದು ಕೋಣೆಯಲ್ಲಿ ಹಾರ್ವರ್ಡ್‌ನಿಂದ ಬಂದಿದ್ದ ತತ್ತ್ವಶಾಸ್ತ್ರದ ಮೇಷ್ಟ್ರೊಬ್ಬರು ಕೆಲಸ ಮಾಡುತ್ತಿದ್ದರು. ಹೆಸರು ಜಾನ್ ರಾಲ್ಸ್. ಬೆಳಿಗ್ಗೆ ಆರರ ಹೊತ್ತಿಗೆ ಅವರಿಗೆ ಫೋನ್ ಬಂತು. ಎಂಟು ತಿಂಗಳು ಕೂತು ತಿದ್ದಿದ್ದ ಪುಸ್ತಕದ ಟೈಪ್ ಪ್ರತಿಯನ್ನು ಅವರು ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದರು. ಅದು ಬಿಟ್ಟರೆ ಇದ್ದದ್ದು ಹಿಂದಿನ ಬೇಸಿಗೆಯ ಹಳೆಯ ಕರಡು ಮಾತ್ರ. ಹೋಗಿ ನೋಡಿದರೆ ಆ ಕೋಣೆಯನ್ನು ಬೆಂಕಿ ಮುಟ್ಟಿರಲಿಲ್ಲ, ನೀರು ಮಾತ್ರ ನುಗ್ಗಿತ್ತು. ಹಾಳೆಗಳು ತೊಯ್ದು ತೊಪ್ಪೆಯಾಗಿದ್ದರೂ ಅಕ್ಷರ ಓದಲು ಬರುತ್ತಿತ್ತು. ರಾಲ್ಸ್ ಒಂದೊಂದೇ ಹಾಳೆಯನ್ನು ಬಿಡಿಸಿ, ಹರವಿ, ಒಣಗಿಸಿ, ಮತ್ತೆ ತಿದ್ದಲು ಕೂತರು. 1971ರಲ್ಲಿ ಆ ಹಾಳೆಗಳು 'ಎ ಥಿಯರಿ ಆಫ್ ಜಸ್ಟಿಸ್' ಆಗಿ ಹೊರಬಂದವು. ಸುಮಾರು 600 ಪುಟಗಳ, ಓದಲು ಸುಲಭವಲ್ಲದ ಆ ಪುಸ್ತಕ ಇಪ್ಪತ್ತನೆಯ ಶತಮಾನದ ರಾಜಕೀಯ ಚಿಂತನೆಯ ದಿಕ್ಕನ್ನೇ ತಿರುಗಿಸಿತು.

ಒಬ್ಬರ ಕೋಣೆ ಸುಟ್ಟಿತು, ಇನ್ನೊಬ್ಬರ ಕೋಣೆ ನೆನೆಯಿತು. ಇಬ್ಬರೂ ಶ್ರದ್ಧೆಯಿಂದ ದುಡಿದವರೇ. ಶ್ರೀನಿವಾಸರು ಕಳೆದುಕೊಳ್ಳುವಂಥ ತಪ್ಪನ್ನೇನೂ ಮಾಡಿರಲಿಲ್ಲ, ರಾಲ್ಸ್ ಉಳಿಸಿಕೊಳ್ಳುವಂಥ ಪುಣ್ಯವನ್ನೇನೂ ಮಾಡಿರಲಿಲ್ಲ. ನೀರಿನಲ್ಲಿ ನೆಂದು ಉಳಿದ ಆ ಪುಸ್ತಕದ ಒಳಗಿದ್ದ ವಿಷಯವೂ ಬಹುಮಟ್ಟಿಗೆ ಇದೇ. ನಾವು ಗಳಿಸದೆ ನಮ್ಮ ಪಾಲಿಗೆ ಬಂದದ್ದರ ಮೇಲೆ ನಮಗೆಷ್ಟು ಹಕ್ಕು? ನಮ್ಮ ತಪ್ಪಿಲ್ಲದೆ ನಮಗೆ ಒದಗಿದ ಕಷ್ಟಕ್ಕೆ ಉಳಿದವರ ಹೊಣೆ ಎಷ್ಟು?

ಈ ಪ್ರಶ್ನೆಗೆ ಕನ್ನಡದಲ್ಲಿ ಒಂದು ಸಿದ್ಧ ಉತ್ತರವಿದೆ. ಯಾರಾದರೂ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದರೆ 'ಪಡೆದುಕೊಂಡು ಬಂದಿದಾನೆ' ಅನ್ನುತ್ತೇವೆ. ಯಾರ ಬದುಕಾದರೂ ಹುಟ್ಟಿದಂದಿನಿಂದ ಕಷ್ಟದಲ್ಲೇ ಕಳೆದರೆ 'ಪಾಪ, ಅವಳು ಕೇಳಿಕೊಂಡು ಬಂದದ್ದೇ ಅಷ್ಟು' ಅನ್ನುತ್ತೇವೆ. ಈ ಮಾತಿನಲ್ಲಿ ಕನಿಕರವೂ ಇದೆ, ಲೆಕ್ಕಾಚಾರವೂ ಇದೆ. ಹುಟ್ಟಿಗೆ ಮುಂಚೆಯೇ ಎಲ್ಲೋ ಒಂದು ಗಳಿಕೆ ನಡೆದಿತ್ತು, ಈಗ ಸಿಕ್ಕಿರುವುದು ಅದರ ಫಲ ಎಂಬ ಲೆಕ್ಕ. ರಾಲ್ಸ್ ಈ ನುಡಿಗಟ್ಟನ್ನು ಕೇಳಿರಲಿಕ್ಕಿಲ್ಲ. ಆದರೆ ಅವರ ಜೀವಮಾನದ ಬರವಣಿಗೆಯನ್ನು ಒಂದೇ ಮಾತಿನಲ್ಲಿ ಹೇಳು ಎಂದರೆ ನಾನು ಹೀಗೆ ಹೇಳುತ್ತೇನೆ: ಹುಟ್ಟುವಾಗ ಯಾರೂ ಏನನ್ನೂ ಪಡೆದುಕೊಂಡು ಬಂದಿರುವುದಿಲ್ಲ, ಯಾರೂ ಏನನ್ನೂ ಕೇಳಿಕೊಂಡು ಬಂದಿರುವುದಿಲ್ಲ. ಹಾಗಿದ್ದ ಮೇಲೆ ನಾವೆಲ್ಲ ಸೇರಿ ಬಾಳುವ ನಿಯಮ ಹೇಗಿರಬೇಕು?

ಜಾನ್ ರಾಲ್ಸ್ ಹುಟ್ಟಿದ್ದು 1921ರ ಫೆಬ್ರವರಿ 21ರಂದು, ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್‌ನಲ್ಲಿ. ತಂದೆ ವಕೀಲರು. ತಾಯಿ ಮಹಿಳಾ ಮತದಾರರ ಸಂಘಟನೆಯ ಸ್ಥಳೀಯ ಘಟಕಕ್ಕೆ ಅಧ್ಯಕ್ಷೆಯಾಗಿದ್ದವರು. ಐವರು ಗಂಡುಮಕ್ಕಳಲ್ಲಿ ಇವನು ಎರಡನೆಯವನು. 1928ರಲ್ಲಿ, ಏಳು ವರ್ಷದವನಿದ್ದಾಗ, ಗಂಟಲಮಾರಿ (ಡಿಫ್ತೀರಿಯಾ) ಬಂದು ಮಲಗಿದ. ತಮ್ಮ ಬಾಬಿಗೆ ಆ ಕೋಣೆಗೆ ಹೋಗಬೇಡ ಎಂದು ಮನೆಯವರು ಹೇಳಿದ್ದರು. ಅಣ್ಣ ಒಬ್ಬನೇ ಮಲಗಿದ್ದಾನಲ್ಲ ಎಂದು ಆ ಮಗು ಒಳಗೆ ಹೋಯಿತು. ರೋಗ ಅಂಟಿತು. ಅಣ್ಣ ಉಳಿದ, ತಮ್ಮ ಹೋದ. ಮರುವರ್ಷ ಇವನಿಗೆ ನ್ಯುಮೋನಿಯಾ ಆಯಿತು. ಇನ್ನೊಬ್ಬ ತಮ್ಮ ಟಾಮಿಗೆ ಅದು ಅಂಟಿತು. ಆಗಲೂ ಇವನು ಉಳಿದ, ಅವನು ಹೋದ. ಹುಡುಗನಿಗೆ ಮಾತು ಉಗ್ಗತೊಡಗಿದ್ದು ಆ ಆಘಾತದಿಂದಲೇ ಎಂದು ತಾಯಿ ನಂಬಿದ್ದರು. ಆ ಉಗ್ಗು ಕೊನೆಯವರೆಗೂ ಪೂರ್ತಿ ಹೋಗಲಿಲ್ಲ.

ಬಾಲ್ಯದ ಒಂದು ಘಟನೆಯಿಂದ ಒಂದು ಸಿದ್ಧಾಂತ ಹುಟ್ಟಿತು ಎಂದು ಹೇಳಿಬಿಡುವುದು ಸರಿಯಲ್ಲ. ಆದರೂ ತನ್ನಿಂದ ರೋಗ ಅಂಟಿ ಇಬ್ಬರು ತಮ್ಮಂದಿರು ಹೋದ ಮೇಲೆ ಉಳಿದ ಮಗುವಿಗೆ 'ನಾನು ಉಳಿದದ್ದು ನನ್ನ ಯೋಗ್ಯತೆಯಿಂದ' ಎಂಬ ಭಾವ ಬರುವುದು ಕಷ್ಟ. ಬಾಲ್ಟಿಮೋರ್‌ನ ಕರಿಯರ ಮಕ್ಕಳ ಶಾಲೆಯೇ ಬೇರೆ, ಬದುಕೇ ಬೇರೆ ಎಂಬುದನ್ನು ಅವನು ಕಣ್ಣಾರೆ ಕಂಡ. ಬೇಸಿಗೆ ರಜೆ ಕಳೆಯಲು ಹೋಗುತ್ತಿದ್ದ ಮೇನ್ ರಾಜ್ಯದ ಊರಿನಲ್ಲಿ ಬಡ ಬಿಳಿಯರ ಮಕ್ಕಳನ್ನೂ ಕಂಡ. ಅವರೂ ತನ್ನಂಥವರೇ, ತನಗಿದ್ದ ಅವಕಾಶ ಮಾತ್ರ ಅವರಿಗಿಲ್ಲ ಎಂಬುದು ಆಗಲೇ ಮನಸ್ಸಿಗೆ ತಟ್ಟಿತ್ತು.

1939ರಲ್ಲಿ ಪ್ರಿನ್ಸ್‌ಟನ್ ಸೇರಿದರು. ಪದವಿಗಾಗಿ ಬರೆದ ಪ್ರಬಂಧದ ವಿಷಯ ಪಾಪ ಮತ್ತು ಶ್ರದ್ಧೆ. ಕ್ರೈಸ್ತ ಪಾದ್ರಿಯಾಗುವ ಯೋಚನೆಯೂ ಇತ್ತು. ಆ ಪ್ರಬಂಧದಲ್ಲೇ ಅವರು ಒಂದು ಮಾತು ವಾದಿಸಿದ್ದರು: ಮನುಷ್ಯ ತನ್ನ ಪುಣ್ಯ ಎಂದು ಹೆಮ್ಮೆಪಡುವುದೆಲ್ಲ ಬೇರೆಯವರಿಂದ ಬಂದ ಕೊಡುಗೆ, ದೇವರ ಮುಂದೆ ಅದನ್ನು ಗಳಿಕೆ ಎಂದು ತೋರಿಸಲಾಗದು. ದೇವರು ಮುಂದೆ ಅವರ ಬರಹದಿಂದ ಹೊರಟುಹೋದ, ಈ ಮಾತು ಉಳಿಯಿತು. 1943ರಲ್ಲಿ ಸೈನ್ಯಕ್ಕೆ ಸೇರಿ ನ್ಯೂಗಿನಿ, ಫಿಲಿಪ್ಪೀನ್ಸ್‌ಗಳಲ್ಲಿ ಕಾಲಾಳಾಗಿ ಹೋರಾಡಿದರು. ಯುದ್ಧ ಮುಗಿದ ಮೇಲೆ ಜಪಾನಿಗೆ ಹೋದ ಪಡೆಯಲ್ಲಿದ್ದು, ಸೈನಿಕರ ರೈಲಿನಲ್ಲಿ ಕೂತು ಹಿರೋಷಿಮಾದ ಅವಶೇಷಗಳ ನಡುವೆ ಹಾದುಹೋದರು. ಪಾದ್ರಿಯಾಗುವ ಯೋಚನೆ ಅಷ್ಟರಲ್ಲಿ ಬಿಟ್ಟುಹೋಗಿತ್ತು. ಯಾಕೆ ಎಂಬುದನ್ನು ಅವರು ಐವತ್ತು ವರ್ಷ ಯಾರಿಗೂ ಬರೆದು ಹೇಳಲಿಲ್ಲ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮುಂದಿನದು ಹೊರಗಿನಿಂದ ನೋಡಿದರೆ ಸದ್ದಿಲ್ಲದ ಮೇಷ್ಟ್ರ ಬದುಕು. 1950ರಲ್ಲಿ ಪ್ರಿನ್ಸ್‌ಟನ್‌ನಿಂದ ಡಾಕ್ಟರೇಟ್. ಮಾರ್ಗದರ್ಶಕರಾಗಿದ್ದ ವಾಲ್ಟರ್ ಸ್ಟೇಸ್ ಬಹಳ ವರ್ಷ ಸಿಲೋನಿನಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದವರು. 1952-53ರಲ್ಲಿ ಆಕ್ಸ್‌ಫರ್ಡ್, ಆಮೇಲೆ ಕಾರ್ನೆಲ್, ಎಂಐಟಿ, 1962ರಿಂದ ಕೊನೆಯವರೆಗೂ ಹಾರ್ವರ್ಡ್. ಐವತ್ತು ವಯಸ್ಸಿನ ತನಕ ಒಂದೂ ಪುಸ್ತಕ ಪ್ರಕಟಿಸಲಿಲ್ಲ. ಎರಡು ಮೂರು ವರ್ಷಕ್ಕೊಂದು ಲೇಖನ, ಅಷ್ಟೆ. 1958ರಲ್ಲಿ ಬಂದ 'ಜಸ್ಟಿಸ್ ಆ್ಯಸ್ ಫೇರ್‌ನೆಸ್' ಎಂಬ ಲೇಖನದಲ್ಲಿ ಮುಂದಿನ ಪುಸ್ತಕದ ಮೊಳಕೆ ಇತ್ತು. ಕರಡನ್ನು ವಿದ್ಯಾರ್ಥಿಗಳಿಗೂ ಗೆಳೆಯರಿಗೂ ಹಂಚಿ, ಅವರ ಆಕ್ಷೇಪ ಕೇಳಿ, ತಿದ್ದಿ, ಮತ್ತೆ ಹಂಚುವುದು ಅವರ ಪದ್ಧತಿ. ಇಂದಿನ ಕಾಲದಲ್ಲಾಗಿದ್ದರೆ ಇಷ್ಟು ನಿಧಾನದ ಮೇಷ್ಟ್ರಿಗೆ ಬಡ್ತಿ ಸಿಗುತ್ತಿತ್ತೇ ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಆ ಲೇಖನದ ಹೆಸರಿನಲ್ಲಿರುವ 'ಫೇರ್‌ನೆಸ್' ಕನ್ನಡಕ್ಕೆ ತರಲು ತೊಡಕಿನ ಪದ. ಅದನ್ನೂ ನ್ಯಾಯ ಎಂದುಬಿಟ್ಟರೆ ಲೇಖನದ ಹೆಸರು 'ನ್ಯಾಯ ಎಂದರೆ ನ್ಯಾಯ' ಎಂದಂತಾಗುತ್ತದೆ. ಹುಡುಗರು ಆಟ ಶುರುಮಾಡುವ ಮುಂಚೆ 'ಯಾರೂ ಮೋಸ ಮಾಡಂಗಿಲ್ಲ' ಎಂದು ಮಾತಾಡಿಕೊಳ್ಳುತ್ತಾರಲ್ಲ, ಆ ಅರ್ಥ ಅದರಲ್ಲಿದೆ. ನಮ್ಮ ಮನೆಯಲ್ಲಿ ಕೊಬ್ಬರಿ ಮಿಠಾಯಿ ಒಂದೇ ತುಂಡು ಉಳಿದಾಗ ಅಮ್ಮ ಒಂದು ನಿಯಮ ಇಟ್ಟಿದ್ದರು: ಕತ್ತರಿಸಿದವರು ಕೊನೆಗೆ ತಗೋಬೇಕು. ಆ ನಿಯಮ ಬಂದ ದಿನ ನಮ್ಮಣ್ಣ ಚಾಕು ಹಿಡಿದು, ಒಂದು ಕಣ್ಣು ಮುಚ್ಚಿ, ಮಿಠಾಯಿಯ ಮೇಲೆ ಮೊದಲು ಉಗುರಿನಿಂದ ಗೆರೆ ಎಳೆದು ನೋಡಿ, ಆಮೇಲೆ ಕತ್ತರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಣ್ಣನ ಸ್ವಭಾವ ಬದಲಾಗಿರಲಿಲ್ಲ. ಯಾವ ತುಂಡು ತನಗೆ ಉಳಿಯುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ರಾಲ್ಸ್ ತಮ್ಮ ಪುಸ್ತಕದಲ್ಲಿ ಕೇಕ್ ಕತ್ತರಿಸುವ ಇಂಥದ್ದೇ ಉದಾಹರಣೆ ಕೊಡುತ್ತಾರೆ. ಆದರೆ ಅವರು ಹಂಚಲು ಹೊರಟಿದ್ದು ಇಡೀ ಸಮಾಜದ ಹಕ್ಕು, ಅವಕಾಶ, ಸಂಪತ್ತನ್ನು. ಅಲ್ಲಿ ಮೊದಲು ಯಾರು, ಕೊನೆಗೆ ಯಾರು ಎಂಬ ಸರದಿ ಇರುವುದಿಲ್ಲ. ಎಲ್ಲರೂ ಹುಟ್ಟುವಾಗಲೇ ಒಂದೊಂದು ತುಂಡು ಹಿಡಿದೇ ಇರುತ್ತೇವೆ.

ಹಾಗಾಗಿ ಅವರು ಒಂದು ಕಲ್ಪನೆ ಮಾಡುತ್ತಾರೆ. ನಾವೆಲ್ಲ ಒಂದು ಕಡೆ ಸೇರಿ, ಮುಂದೆ ನಾವು ಬದುಕಲಿರುವ ಸಮಾಜದ ಮೂಲ ನಿಯಮಗಳನ್ನು ಒಪ್ಪಂದ ಮಾಡಿಕೊಳ್ಳಬೇಕು ಎಂದಿಟ್ಟುಕೊಳ್ಳಿ. ಇದಕ್ಕೆ 'ಮೂಲಸ್ಥಿತಿ' ಎನ್ನೋಣ. ಅಲ್ಲಿ ಕೂತವರ ಕಣ್ಣಿಗೆ ಒಂದು ಪರದೆ ಕಟ್ಟಿದೆ. ಆ ಪರದೆಯ ಹಿಂದೆ ನಿಮಗೆ ಅರ್ಥಶಾಸ್ತ್ರ ಗೊತ್ತು, ಮನುಷ್ಯ ಸ್ವಭಾವ ಗೊತ್ತು, ಸಮಾಜಗಳು ಹೇಗೆ ನಡೆಯುತ್ತವೆ ಎಂಬುದು ಗೊತ್ತು. ಗೊತ್ತಿಲ್ಲದ್ದು ನಿಮ್ಮ ವಿಷಯ ಮಾತ್ರ. ನೀವು ಶ್ರೀಮಂತರೋ ಬಡವರೋ, ನಿಮ್ಮ ಬುದ್ಧಿ ಚುರುಕೋ ಮಂದವೋ, ಮೈಕಟ್ಟು ಗಟ್ಟಿಯೋ ಬಡಕಲೋ, ದೈವಭಕ್ತರೋ ನಾಸ್ತಿಕರೋ, ಯಾವ ತಲೆಮಾರಿನವರೋ, ಅಪಾಯಕ್ಕೆ ಎದೆಯೊಡ್ಡುವವರೋ ಅಂಜುಬುರುಕರೋ, ಯಾವುದೂ ತಿಳಿಯದು. ಹೀಗಿದ್ದಾಗ ಯಾವ ನಿಯಮಕ್ಕೆ ರುಜು ಹಾಕುತ್ತೀರಿ?

ಇದನ್ನು 'ಅಜ್ಞಾನದ ಪರದೆ' ಎನ್ನುತ್ತಾರೆ. ನಮ್ಮ ದರ್ಶನಗಳಲ್ಲಿ ಅಜ್ಞಾನ ಎಂದರೆ ಕಳೆಯಬೇಕಾದ ಕತ್ತಲೆ, ಪರದೆ ಸರಿದರೆ ನಿಜ ಕಾಣುತ್ತದೆ. ರಾಲ್ಸ್ ಬೇಕೆಂದೇ ಪರದೆಯನ್ನು ಎಳೆದುಕೊಳ್ಳಿ ಎನ್ನುತ್ತಾರೆ. ನನ್ನ ಮನೆ, ನನ್ನ ಕುಲ, ನನ್ನ ಅಂಕಪಟ್ಟಿ ಎಂಬ ತಿಳಿವಳಿಕೆಯೇ ನ್ಯಾಯದ ವಿಷಯದಲ್ಲಿ ನಮ್ಮನ್ನು ಕುರುಡಾಗಿಸುತ್ತದೆ, ಅದನ್ನು ಸ್ವಲ್ಪ ಹೊತ್ತು ಮರೆತರೆ ಉಳಿದವರು ಕಾಣುತ್ತಾರೆ. ಯಾರೂ ನಿಜವಾಗಿ ಹೀಗೆ ಕೂತಿಲ್ಲ, ಕೂರಲೂ ಸಾಧ್ಯವಿಲ್ಲ. ಇದು ಇತಿಹಾಸದ ಕತೆಯಲ್ಲ. ಯಾವುದೇ ನಿಯಮದ ಮುಂದೆ ನಿಂತು 'ನಾನು ಯಾರೆಂದು ಗೊತ್ತಿಲ್ಲದಿದ್ದರೂ ಇದನ್ನು ಒಪ್ಪುತ್ತಿದ್ದೆನೇ?' ಎಂದು ಕೇಳಿಕೊಳ್ಳಲು ಒಂದು ಸಾಧನ.

ಪರದೆಯ ಹಿಂದಿನವರು ಎರಡು ತತ್ತ್ವಗಳನ್ನು ಒಪ್ಪುತ್ತಾರೆ ಎಂಬುದು ರಾಲ್ಸ್ ವಾದ. ಒಂದು, ಮೂಲ ಸ್ವಾತಂತ್ರ್ಯಗಳು ಎಲ್ಲರಿಗೂ ಸಮ: ಮತದಾನ, ಮಾತು, ಮನಸ್ಸಾಕ್ಷಿ, ಕಾರಣವಿಲ್ಲದೆ ಬಂಧಿಸದಿರುವುದು. ಇವುಗಳನ್ನು ಹಣಕ್ಕಾಗಿ ಅಡವಿಡುವಂತಿಲ್ಲ. ಇನ್ನೊಂದು, ಸಂಪತ್ತು ಅಧಿಕಾರಗಳಲ್ಲಿ ಏರುಪೇರು ಇರಬಹುದು, ಆದರೆ ಎರಡು ಷರತ್ತು. ಹುದ್ದೆಗಳು ನಿಜವಾದ ಸಮಾನ ಅವಕಾಶದಲ್ಲಿ ಎಲ್ಲರಿಗೂ ತೆರೆದಿರಬೇಕು. ಬಾಗಿಲು ತೆಗೆದಿಟ್ಟರೆ ಸಾಲದು, ಒಂದೇ ಬುದ್ಧಿ ಒಂದೇ ಛಲ ಇರುವ ಇಬ್ಬರು ಮಕ್ಕಳಿಗೆ ಅವರ ಅಪ್ಪ ಯಾರಾದರೂ ಒಂದೇ ಭವಿಷ್ಯ ಇರಬೇಕು. ಜೊತೆಗೆ, ಆ ಏರುಪೇರಿನಿಂದ ಎಲ್ಲರಿಗಿಂತ ಕೆಳಗಿರುವವರಿಗೆ ಅತಿ ಹೆಚ್ಚು ಅನುಕೂಲವಾಗಬೇಕು.

ಈ ಕೊನೆಯ ಷರತ್ತೇ ಹೆಚ್ಚು ಚರ್ಚೆಗೊಳಗಾದದ್ದು, ಹೆಚ್ಚು ತಪ್ಪಾಗಿ ಅರ್ಥವಾದದ್ದೂ ಇದೇ. ಅಂಕಿಯಲ್ಲಿ ನೋಡೋಣ. ಒಂದು ಊರಿನಲ್ಲಿ ಎರಡೇ ಗುಂಪು ಇವೆ, ಒಂದೊಂದರಲ್ಲೂ ಅಷ್ಟೇ ಜನ ಎಂದುಕೊಳ್ಳಿ. ಮೊದಲ ಏರ್ಪಾಡಿನಲ್ಲಿ ಇಬ್ಬರಿಗೂ ತಲಾ 10. ಎರಡನೆಯದರಲ್ಲಿ ಕೆಳಗಿನವರಿಗೆ 14, ಮೇಲಿನವರಿಗೆ 30. ಮೂರನೆಯದರಲ್ಲಿ ಕೆಳಗಿನವರಿಗೆ 8, ಮೇಲಿನವರಿಗೆ 60. ಸಮಾನತೆಯೊಂದೇ ಮುಖ್ಯ ಎನ್ನುವವರು ಮೊದಲನೆಯದನ್ನು ಹಿಡಿಯುತ್ತಾರೆ. ಒಟ್ಟು ಮೊತ್ತ ನೋಡುವವರು ಮೂರನೆಯದಕ್ಕೆ ಕೈ ಹಾಕುತ್ತಾರೆ, ಅಲ್ಲಿ ಮೊತ್ತ 68. ರಾಲ್ಸ್ ಆರಿಸುವುದು ಎರಡನೆಯದು. ವೈದ್ಯೆಗೆ ಹೆಚ್ಚು ಸಂಬಳ ಕೊಟ್ಟರೆ ಹಳ್ಳಿಯ ರೋಗಿಯ ಗತಿ ಸುಧಾರಿಸುತ್ತದೆ ಎಂದಾದರೆ ಕೊಡೋಣ. ಸುಧಾರಿಸದಿದ್ದರೆ ಆ ಹೆಚ್ಚಿಗೆಗೆ ಸಮರ್ಥನೆ ಇಲ್ಲ. ಮೇಲಿನವನ ಏಳಿಗೆಯನ್ನು ಕೆಳಗಿನವಳ ಮುಂದೆ ನಿಂತು, ಅವಳ ಕಣ್ಣಲ್ಲಿ ಕಣ್ಣಿಟ್ಟು, ಸಮರ್ಥಿಸಲು ಆಗಬೇಕು ಎಂಬುದು ಇದರ ತಿರುಳು.

ಒಟ್ಟು ಸುಖವನ್ನು ಹೆಚ್ಚಿಸುವುದೇ ಗುರಿ ಎನ್ನುವ ಉಪಯುಕ್ತತಾವಾದ ಆಗ ಇಂಗ್ಲಿಷ್ ಜಗತ್ತಿನ ಚಿಂತನೆಯನ್ನು ಆಳುತ್ತಿತ್ತು. ರಾಲ್ಸ್ ಅದಕ್ಕೆ ಕೊಟ್ಟ ಪೆಟ್ಟು ಒಂದೇ ಸಾಲಿನದ್ದು: ಆ ವಾದ ಒಬ್ಬ ಮನುಷ್ಯನಿಗೂ ಇನ್ನೊಬ್ಬನಿಗೂ ಇರುವ ವ್ಯತ್ಯಾಸವನ್ನೇ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನಾಳೆ ಹಲ್ಲುನೋವು ಇರಬಾರದೆಂದು ಇಂದು ನಾನು ಹಲ್ಲು ಕೀಳಿಸಿಕೊಳ್ಳಬಹುದು, ನೋವೂ ನನ್ನದೇ ಸುಖವೂ ನನ್ನದೇ. ನನ್ನ ಸುಖಕ್ಕಾಗಿ ನೀವು ನೋವು ತಿನ್ನಿ, ಮೊತ್ತ ಹೆಚ್ಚಾಗುತ್ತದೆ ಎನ್ನಲು ಬರುವುದಿಲ್ಲ. ಗುಲಾಮಗಿರಿ ತಪ್ಪು ಎನ್ನಲು ಒಡೆಯನ ಸುಖವನ್ನೂ ಗುಲಾಮನ ದುಃಖವನ್ನೂ ತಕ್ಕಡಿಯಲ್ಲಿ ತೂಗುವ ಅಗತ್ಯವೇ ಇಲ್ಲ.

ಅರ್ಥಶಾಸ್ತ್ರಜ್ಞ ಜಾನ್ ಹರ್ಸಾನಿ ಇದನ್ನು ಒಪ್ಪಲಿಲ್ಲ. ತಾನು ಯಾರೆಂದು ತಿಳಿಯದೆ ಆರಿಸುವ ಕಲ್ಪನೆಯನ್ನು ಅವರು 1950ರ ದಶಕದಲ್ಲೇ ಬಳಸಿದ್ದರು, ಬಂದ ತೀರ್ಮಾನ ಮಾತ್ರ ಬೇರೆ. ಪರದೆಯ ಹಿಂದೆ ಬುದ್ಧಿವಂತ ಮನುಷ್ಯ ಸರಾಸರಿಯನ್ನು ನೋಡುತ್ತಾನೆ, ಅತಿ ಕೆಟ್ಟದ್ದೊಂದನ್ನೇ ನೋಡಿ ಹೆದರಿ ಕೂರುವುದಿಲ್ಲ ಎಂದರು. ರಾಲ್ಸ್ ಉತ್ತರ ನನಗೆ ಹೆಚ್ಚು ಸರಿ ಎನಿಸುತ್ತದೆ. ಇದು ದಿನಾ ಆಡುವ ಇಸ್ಪೀಟಲ್ಲ, ಒಂದೇ ಬಾರಿ ಆಡಿ ಬದುಕಿಡೀ ಅನುಭವಿಸುವ ಆಟ. ಸೋತ ಮೇಲೆ 'ಆಗ ಒಪ್ಪಿದ್ದೆಯಲ್ಲ' ಎಂದು ಯಾರಾದರೂ ನೆನಪಿಸಿದರೆ ಹೊರಲಾರದ ಹೊರೆಗೆ ಇವತ್ತು ರುಜು ಹಾಕಬಾರದು.

ಇನ್ನು 'ಪಡೆದುಕೊಂಡು ಬಂದ' ವಿಷಯ. ಹುಟ್ಟಿದ ಮನೆ ಅದೃಷ್ಟ ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ರಾಲ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಪ್ರತಿಭೆಯೂ ಅದೃಷ್ಟವೇ. ಹಾಗಾದರೆ ಶ್ರಮ? 'ನಾನು ರಾತ್ರಿ ಹಗಲು ಓದಿದೆ, ಅದು ನನ್ನದಲ್ಲವೇ' ಎಂದು ಕೇಳುತ್ತೇವೆ. ಶ್ರಮಪಡುವ ಮನಸ್ಸು ಕೂಡ ಮನೆಯ ವಾತಾವರಣ, ಬೆನ್ನು ತಟ್ಟಿದವರು, ಹೊಟ್ಟೆ ತುಂಬಿದ ರಾತ್ರಿಗಳು ಇವುಗಳಿಂದ ರೂಪುಗೊಳ್ಳುತ್ತದೆ ಎಂದು ಅವರು ಬರೆಯುತ್ತಾರೆ. ಓದುವಾಗ ಇದು ಚುಚ್ಚುತ್ತದೆ. ನನ್ನನ್ನೂ ಚುಚ್ಚಿತ್ತು. ಆದರೆ ಅವರು ಯಾರ ಸಂಬಳವನ್ನೂ ಕಿತ್ತುಕೊಳ್ಳಿ ಎನ್ನುವುದಿಲ್ಲ. ನ್ಯಾಯವಾದ ನಿಯಮದ ಅಡಿಯಲ್ಲಿ ದುಡಿದವರಿಗೆ ನಿಯಮ ಹೇಳಿದಷ್ಟು ಸಿಗಲೇಬೇಕು, ಅದು ಅವರ ಹಕ್ಕು. ಆ ನಿಯಮವನ್ನೇ ಬರೆಯುವಾಗ ಮಾತ್ರ 'ನಾನು ಯೋಗ್ಯ, ಆದ್ದರಿಂದ ನನಗೆ ಹೆಚ್ಚು' ಎಂಬ ಮಾತಿಗೆ ಜಾಗವಿಲ್ಲ.

ಇದೇ ಪುಸ್ತಕದಲ್ಲಿ ನಮಗೆ ನೇರವಾಗಿ ತಾಗುವ ಒಂದು ಭಾಗವಿದೆ. ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ಹುಟ್ಟುವುದು ನ್ಯಾಯವೂ ಅಲ್ಲ ಅನ್ಯಾಯವೂ ಅಲ್ಲ, ಅದು ಪ್ರಕೃತಿಯ ಸಂಗತಿ. ಆ ಸಂಗತಿಯನ್ನು ಸಂಸ್ಥೆಗಳು ಹೇಗೆ ನಡೆಸಿಕೊಳ್ಳುತ್ತವೆ ಎಂಬಲ್ಲಿ ನ್ಯಾಯ ಅನ್ಯಾಯ ಶುರುವಾಗುತ್ತದೆ ಎಂದು ಹೇಳಿ, ಜಾತಿ ಸಮಾಜಗಳನ್ನು ಹೆಸರಿಟ್ಟು ಅನ್ಯಾಯ ಎನ್ನುತ್ತಾರೆ. ಹುಟ್ಟಿನ ಆಕಸ್ಮಿಕವನ್ನೇ ಗೋಡೆಯಾಗಿ ಕಟ್ಟಿ, ಒಳಗಿರುವವರು ಹೊರಗಿರುವವರು ಎಂದು ಮಾಡುವುದು ಅವುಗಳ ತಪ್ಪು. ಹಣೆಬರಹ ಎಂಬ ಮಾತು ಆ ಗೋಡೆಗೆ ಬಳಿದ ಸುಣ್ಣ ಎಂದು ನನಗೆ ಅನ್ನಿಸುತ್ತದೆ. ಗೋಡೆ ಕಟ್ಟಿದವರ ಕೈ ಅದರಲ್ಲಿ ಕಾಣುವುದಿಲ್ಲ.

ಈ ಮೇಷ್ಟ್ರು ಬರೆದಂತೆ ನಡೆಯಲು ಯತ್ನಿಸಿದ ಒಂದು ಸಂದರ್ಭವಿದೆ. ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಕಡ್ಡಾಯವಾಗಿ ಕರೆದೊಯ್ಯುತ್ತಿದ್ದಾಗ, ಕಾಲೇಜಿನಲ್ಲಿ ಚೆನ್ನಾಗಿ ಓದುತ್ತಿದ್ದವರಿಗೆ ವಿನಾಯಿತಿ ಇತ್ತು. ಕಾಲೇಜಿಗೆ ಬರುತ್ತಿದ್ದವರು ಹೆಚ್ಚಾಗಿ ಅನುಕೂಲಸ್ಥರ ಮಕ್ಕಳು. ಅಂದರೆ ಅಧ್ಯಾಪಕರು ಕೊಡುವ ಅಂಕ ಯಾರು ಯುದ್ಧಕ್ಕೆ ಹೋಗಬೇಕು ಎಂಬುದನ್ನು ನಿರ್ಧರಿಸುತ್ತಿತ್ತು. ರಾಲ್ಸ್ ಕೆಲವು ಸಹೋದ್ಯೋಗಿಗಳ ಜೊತೆ ಸೇರಿ, ಈ ವಿನಾಯಿತಿ ಅನ್ಯಾಯ ಎಂಬ ನಿರ್ಣಯವನ್ನು ಹಾರ್ವರ್ಡ್ ಅಧ್ಯಾಪಕರ ಸಭೆಯ ಮುಂದಿಟ್ಟರು. ಯುದ್ಧಕ್ಕೆ ಕಳಿಸಲೇಬೇಕಾದರೆ ಚೀಟಿ ಎತ್ತಿ, ಎಲ್ಲರ ಮಕ್ಕಳ ಹೆಸರೂ ಅದರಲ್ಲಿರಲಿ ಎಂಬ ನಿಲುವು ಅವರದು. ನಿರ್ಣಯ ಬಿದ್ದುಹೋಯಿತು. ತಮ್ಮ ಮುಂದಿನ ಬೆಂಚಿನಲ್ಲೇ ಕೂತಿದ್ದ ಹುಡುಗರನ್ನು ರಕ್ಷಿಸುತ್ತಿದ್ದ ನಿಯಮವನ್ನು ಅವರು ಪ್ರಶ್ನಿಸಿದ್ದರು ಎಂಬುದನ್ನು ಮರೆಯಬಾರದು. ಅನ್ಯಾಯದ ಕಾನೂನನ್ನು ಬಹಿರಂಗವಾಗಿ, ಅಹಿಂಸೆಯಿಂದ, ಶಿಕ್ಷೆಗೆ ಸಿದ್ಧರಾಗಿ ಮುರಿಯುವುದು ಯಾವಾಗ ಸರಿ ಎಂಬ ಚರ್ಚೆ ಅವರ ಪುಸ್ತಕದಲ್ಲಿ ಸೇರಿದ್ದು ಇದೇ ವರ್ಷಗಳಲ್ಲಿ.

ಪುಸ್ತಕ ಬಂದ ಮೂರೇ ವರ್ಷಕ್ಕೆ ರಾಲ್ಸ್ ಇದ್ದ ಹಾರ್ವರ್ಡ್ ತತ್ತ್ವಶಾಸ್ತ್ರ ವಿಭಾಗದವರೇ ಆದ ರಾಬರ್ಟ್ ನೋಜಿಕ್ 'ಅನಾರ್ಕಿ, ಸ್ಟೇಟ್, ಆ್ಯಂಡ್ ಯುಟೋಪಿಯಾ' ಬರೆದು ಎದುರು ನಿಂತರು. ಅವರ ಉದಾಹರಣೆ ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲಿನ್. ನಿಮಗೆ ಇಷ್ಟವಾದ ಹಂಚಿಕೆಯಿಂದಲೇ ಶುರುಮಾಡಿ. ಹತ್ತು ಲಕ್ಷ ಜನ ಅವನ ಆಟ ನೋಡಲು ಖುಷಿಯಿಂದ ತಲಾ 25 ಸೆಂಟ್ ಕೊಟ್ಟರೆ ಅವನ ಕೈಯಲ್ಲಿ 2,50,000 ಡಾಲರ್. ಯಾರಿಗೂ ಮೋಸವಾಗಿಲ್ಲ, ಈಗ ಅದನ್ನು ಕಸಿದುಕೊಳ್ಳಲು ನೀವ್ಯಾರು? ಪ್ರಶ್ನೆ ಚುರುಕಾಗಿದೆ. ಆದರೆ ರಾಲ್ಸ್ ಕಣ್ಣಿದ್ದದ್ದು ಒಂದೊಂದು ಟಿಕೆಟ್ಟಿನ ಮೇಲಲ್ಲ, ಟಿಕೆಟ್ಟು, ತೆರಿಗೆ, ಶಾಲೆ, ಆನುವಂಶಿಕ ಆಸ್ತಿ ಎಲ್ಲವನ್ನೂ ಹಿಡಿದಿಟ್ಟಿರುವ ಚೌಕಟ್ಟಿನ ಮೇಲೆ. ಸರಿಯಾದ ವ್ಯಾಪಾರಗಳೇ ಸಾವಿರ ಸಾವಿರ ಸೇರಿದಾಗ ಕೆಲವೇ ಮನೆಗಳಲ್ಲಿ ಸಂಪತ್ತು ಹೂತುಹೋಗಬಹುದು, ಆಗ ಮುಂದಿನ ತಲೆಮಾರಿನ ವ್ಯಾಪಾರ ಸರಿಯಾಗಿ ಉಳಿಯುವುದಿಲ್ಲ. ಅದಕ್ಕೇ ಅವರು ಬಡವರಿಗೆ ಕೊನೆಯಲ್ಲಿ ಪರಿಹಾರ ಹಂಚುವ ಕಲ್ಯಾಣ ರಾಜ್ಯವೂ ಸಾಲದು, ಆಸ್ತಿಯೂ ವಿದ್ಯೆಯೂ ಮೊದಲೇ ಎಲ್ಲರಲ್ಲಿ ಹರಡಿರಬೇಕು ಎಂದರು. ರಾಲ್ಸ್ ಎಂದರೆ ಕಲ್ಯಾಣ ರಾಜ್ಯದ ಸಮರ್ಥಕ ಎಂದು ಬರೆಯುವವರು ಈ ಭಾಗವನ್ನು ಹಾರಿಸಿ ಓದಿರುತ್ತಾರೆ.

ಇನ್ನೊಂದು ಟೀಕೆ ಸ್ತ್ರೀವಾದಿ ಚಿಂತಕಿ ಸುಸಾನ್ ಓಕಿನ್ ಅವರದು, 1989ರಲ್ಲಿ. ಪರದೆಯ ಹಿಂದೆ ಕೂತವರನ್ನು ರಾಲ್ಸ್ ಮನೆಯ ಯಜಮಾನರಂತೆ ಕಲ್ಪಿಸಿಕೊಂಡಿದ್ದರು. ಹಾಗಾದರೆ ಮನೆಯೊಳಗಿನ ಅನ್ಯಾಯವನ್ನು ಹೇಳುವವರು ಯಾರು? ಮನೆಕೆಲಸ, ಮಕ್ಕಳ ಪಾಲನೆ ಹೆಣ್ಣಿನ ಪಾಲಿಗೆ ಬೀಳುವುದನ್ನು ಬಿಟ್ಟು ನ್ಯಾಯದ ಮಾತಾಡುವುದು ಹೇಗೆ? ಈ ಮಾತು ನಿಜ. ಗಂಡೋ ಹೆಣ್ಣೋ ಎಂಬುದೂ ಪರದೆಯ ಹಿಂದೆ ತಿಳಿಯಬಾರದು ಎಂದು ರಾಲ್ಸ್ ಮುಂದೆ ಸ್ಪಷ್ಟವಾಗಿ ಹೇಳಿದರು. ಜನಾಂಗದ ಪ್ರಶ್ನೆಯಲ್ಲಿ ಮಾತ್ರ ಅವರು ಬರೆದದ್ದು ತೀರ ಕಡಿಮೆ, ತತ್ತ್ವಶಾಸ್ತ್ರಜ್ಞ ಚಾರ್ಲ್ಸ್ ಮಿಲ್ಸ್ ಅದನ್ನು ಬಿಡದೆ ಎತ್ತಿ ತೋರಿಸಿದರು. ಬಾಲ್ಟಿಮೋರ್‌ನಲ್ಲಿ ಬೆಳೆದವರೊಬ್ಬರಿಂದ ಹೆಚ್ಚಿನದನ್ನು ನಿರೀಕ್ಷಿಸುವುದು ತಪ್ಪಲ್ಲ.

ನಮ್ಮ ಭಾಷೆಗೆ ಅತಿ ಹತ್ತಿರ ಬರುವ ಟೀಕೆ ಅಮರ್ತ್ಯ ಸೇನ್ ಅವರದು. 1968ರ ಸುಮಾರಿಗೆ ಹಾರ್ವರ್ಡ್‌ನಲ್ಲಿ ರಾಲ್ಸ್, ಸೇನ್, ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಮೂವರೂ ಒಟ್ಟಿಗೆ ತರಗತಿ ನಡೆಸಿದ್ದರು. 2009ರ 'ದಿ ಐಡಿಯಾ ಆಫ್ ಜಸ್ಟಿಸ್' ಪುಸ್ತಕವನ್ನು ಸೇನ್ ರಾಲ್ಸ್ ನೆನಪಿಗೇ ಅರ್ಪಿಸಿದ್ದಾರೆ, ಒಳಗೆ ಅವರನ್ನು ಬಿಡದೆ ಪ್ರಶ್ನಿಸಿದ್ದಾರೆ. ಅದಕ್ಕೆ ಬಳಸಿದ ಆಯುಧ ನಾವು ದಿನಾ ಆಡುವ ಎರಡು ಪದ: ನೀತಿ ಮತ್ತು ನ್ಯಾಯ. ನಿಯಮ, ಸಂಸ್ಥೆ, ಏರ್ಪಾಡುಗಳು ಸರಿಯಿರುವುದು ನೀತಿ. ಜನರ ಬದುಕಿನಲ್ಲಿ ಕೊನೆಗೆ ಏನಾಗುತ್ತದೆ ಎಂಬುದು ನ್ಯಾಯ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯ ನಡೆಯುತ್ತಿದ್ದರೆ ನೀತಿಯ ಪುಸ್ತಕ ಎಷ್ಟು ಚೆನ್ನಾಗಿದ್ದರೇನು? ಪರಿಪೂರ್ಣ ಸಮಾಜದ ನಕ್ಷೆ ಬರೆಯುವುದಕ್ಕಿಂತ ಕಣ್ಣೆದುರಿನ ಎರಡು ಸ್ಥಿತಿಗಳಲ್ಲಿ ಯಾವುದು ಕಡಿಮೆ ಅನ್ಯಾಯದ್ದು ಎಂದು ತೂಗಲು ಕಲಿಯಬೇಕು ಎಂಬುದು ಸೇನ್ ಮಾತು. ತೂಗಬೇಕು, ಒಪ್ಪುತ್ತೇನೆ. ತೂಗುವಾಗ ನನ್ನ ಹೆಬ್ಬೆರಳು ತಕ್ಕಡಿಯ ಮೇಲಿಲ್ಲ ಎಂದು ಖಾತ್ರಿಮಾಡಿಕೊಳ್ಳಲು ರಾಲ್ಸ್ ಪರದೆಯೇ ಬೇಕಾಗುತ್ತದೆ.

ಟೀಕೆಗಳನ್ನು ರಾಲ್ಸ್ ತಿರಸ್ಕರಿಸಿದವರಲ್ಲ. ತನ್ನನ್ನೇ ತಿದ್ದಿಕೊಳ್ಳುತ್ತ ಹೋದರು. ಒಂದು ಸ್ವತಂತ್ರ ಸಮಾಜದಲ್ಲಿ ಜನ ಬೇರೆಬೇರೆ ಧರ್ಮ, ಬೇರೆಬೇರೆ ಜೀವನದೃಷ್ಟಿ ಹಿಡಿದೇ ಇರುತ್ತಾರೆ, ಹಾಗಿರುವಾಗ ಎಲ್ಲರೂ ಒಂದೇ ತತ್ತ್ವಜ್ಞಾನವನ್ನು ಒಪ್ಪಿ ಎನ್ನುವುದು ಸಾಧ್ಯವಿಲ್ಲ ಎಂಬುದು ಅವರಿಗೆ ಮನವರಿಕೆಯಾಯಿತು. 1993ರ 'ಪೊಲಿಟಿಕಲ್ ಲಿಬರಲಿಸಂ' ಹುಟ್ಟಿದ್ದು ಹೀಗೆ. ಭಕ್ತರು ತಮ್ಮ ಭಕ್ತಿಯ ಕಾರಣದಿಂದ, ನಾಸ್ತಿಕರು ತಮ್ಮ ವಿಚಾರದ ಕಾರಣದಿಂದ, ಒಂದೇ ಸಂವಿಧಾನವನ್ನು ಮನಃಪೂರ್ವಕ ಒಪ್ಪಬಹುದು. ಕಾರಣಗಳು ಬೇರೆ, ಒಪ್ಪಿಗೆ ಒಂದು. ಆದರೆ ಎಲ್ಲರ ಮೇಲೂ ಹೇರುವ ಕಾನೂನಿನ ಬಗ್ಗೆ ಮಾತಾಡುವಾಗ, ನನ್ನ ಧರ್ಮದವರಲ್ಲದವರಿಗೂ ಅರ್ಥವಾಗುವ ಕಾರಣವನ್ನು ಕೊಡುವ ಹೊಣೆ ನನ್ನದು.

1995ರಲ್ಲಿ, ಹಿರೋಷಿಮಾಗೆ ಐವತ್ತು ವರ್ಷವಾದಾಗ, 'ಡಿಸೆಂಟ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದು ಆ ಬಾಂಬೂ ಜಪಾನಿನ ನಗರಗಳ ಮೇಲೆ ಸುರಿದ ಬೆಂಕಿಯೂ ಘೋರ ತಪ್ಪು ಎಂದರು. ಅದೇ ಯುದ್ಧದಲ್ಲಿ ಗೆದ್ದ ಪಕ್ಷದ ಸಿಪಾಯಿಯಾಗಿದ್ದವರು ಬರೆದ ಮಾತದು. ಅದೇ ವರ್ಷ ಪಾರ್ಶ್ವವಾಯು ಬಡಿಯಿತು. ಆದರೂ 1999ರಲ್ಲಿ 'ದಿ ಲಾ ಆಫ್ ಪೀಪಲ್ಸ್' ಮುಗಿಸಿದರು. 2002ರ ನವೆಂಬರ್ 24ರಂದು ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್‌ನಲ್ಲಿ ತೀರಿಕೊಂಡರು. ಸಂದರ್ಶನ, ಸನ್ಮಾನಗಳಿಂದ ಸಾಧ್ಯವಾದಷ್ಟು ದೂರವೇ ಇದ್ದರು. ಅವರ ಹತ್ತಿರ ಕಲಿತ ಥಾಮಸ್ ನೇಗಲ್, ಒನೋರಾ ಓನೀಲ್, ಕ್ರಿಸ್ಟೀನ್ ಕೋರ್ಸ್‌ಗಾರ್ಡ್ ಮುಂತಾದವರು ಮುಂದೆ ತತ್ತ್ವಶಾಸ್ತ್ರದ ದೊಡ್ಡ ಹೆಸರುಗಳಾದರು. ಕಾಂಟ್, ಹ್ಯೂಮ್, ಮಿಲ್ ಮುಂತಾದ ಹಿಂದಿನ ತತ್ತ್ವಜ್ಞರನ್ನು ಪಾಠ ಮಾಡುವಾಗ ರಾಲ್ಸ್, ಈ ಲೇಖಕರು ನನಗಿಂತ ಬಹಳ ಬುದ್ಧಿವಂತರು, ತಪ್ಪು ಕಂಡರೆ ಅದಕ್ಕೆ ಅವರ ಬಳಿ ಉತ್ತರ ಇದ್ದೇ ಇರುತ್ತದೆ, ನಾನು ಹುಡುಕಬೇಕು ಎಂದುಕೊಂಡೇ ಓದುತ್ತಿದ್ದರಂತೆ.

ಅವರ ನಿಧನದ ನಂತರ, 2009ರಲ್ಲಿ, ಪ್ರಿನ್ಸ್‌ಟನ್‌ನ ಆ ಹಳೆಯ ಪ್ರಬಂಧ ಪುಸ್ತಕವಾಗಿ ಬಂತು. ಜೊತೆಗೆ 1997ರಲ್ಲಿ ಬರೆದು ಇಟ್ಟಿದ್ದ ಒಂದು ಸಣ್ಣ ಬರಹವೂ ಇತ್ತು. ತನ್ನ ನಂಬಿಕೆ ಯಾಕೆ ಹೋಯಿತು ಎಂಬುದನ್ನು ಅದರಲ್ಲಿ ಹೇಳಿದ್ದಾರೆ. ಒಂದು ಕಾರಣ, ನಮ್ಮ ಗುಂಡುಗಳನ್ನು ದೇವರೇ ಜಪಾನೀಯರ ಕಡೆ ಗುರಿಯಿಡುತ್ತಾನೆ ಎಂದು ಪಾದ್ರಿಯೊಬ್ಬರು ಸೈನಿಕರಿಗೆ ಮಾಡಿದ ಉಪದೇಶ. ಇನ್ನೊಂದು, ಯುರೋಪಿನಲ್ಲಿ ಯಹೂದಿಗಳಿಗೆ ಆದದ್ದರ ಸುದ್ದಿ. ಮೂರನೆಯದು ಡೀಕನ್ ಎಂಬ ಗೆಳೆಯನ ಸಾವು. ಇಬ್ಬರೂ ಒಂದೇ ಡೇರೆಯಲ್ಲಿ ಮಲಗುತ್ತಿದ್ದವರು.

1945ರ ಮೇ ತಿಂಗಳು, ಫಿಲಿಪ್ಪೀನ್ಸ್‌ನ ಲುಜಾನ್ ದ್ವೀಪ. ಸಾರ್ಜೆಂಟ್ ಬಂದು ಇಬ್ಬರು ಬೇಕು ಎಂದ. ಒಬ್ಬ ಕರ್ನಲ್ ಜೊತೆ ಹೋಗಿ ಜಪಾನೀಯರ ನೆಲೆ ನೋಡಿಕೊಂಡು ಬರಬೇಕು. ಇನ್ನೊಬ್ಬ ಹತ್ತಿರದ ಆಸ್ಪತ್ರೆಯಲ್ಲಿ ಗಾಯಗೊಂಡ ಸಿಪಾಯಿಗೆ ರಕ್ತ ಕೊಡಬೇಕು. ಡೀಕನ್, ರಾಲ್ಸ್ ಇಬ್ಬರೂ ಒಪ್ಪಿದರು. ಯಾರು ಎಲ್ಲಿಗೆ ಎಂಬುದು ರಕ್ತದ ಗುಂಪಿನ ಮೇಲೆ ನಿಂತಿತ್ತು. ರಾಲ್ಸ್ ರಕ್ತ ಹೊಂದುತ್ತಿತ್ತು, ಡೀಕನ್‌ದು ಹೊಂದಲಿಲ್ಲ. ಹಾಗಾಗಿ ಡೀಕನ್ ಕರ್ನಲ್ ಜೊತೆ ಹೊರಟ. ಜಪಾನೀಯರು ಅವರನ್ನು ಕಂಡರು, ಶೆಲ್ಲುಗಳು ಬೀಳತೊಡಗಿದವು, ಇಬ್ಬರೂ ಒಂದು ಗುಂಡಿಗೆ ಹಾರಿದರು, ಒಂದು ಶೆಲ್ ಅದೇ ಗುಂಡಿಗೆ ಬಿತ್ತು. ಸಾವು ಅಲ್ಲಿ ದಿನಾ ಇತ್ತು, ಇದೊಂದೇ ಸಾವು ತನ್ನನ್ನು ಅಷ್ಟು ಅಲ್ಲಾಡಿಸಿದ್ದು ಯಾಕೆ ಎಂಬುದು ಡೀಕನ್ ಮೇಲಿನ ಪ್ರೀತಿಯ ಹೊರತು ಬೇರೆ ಏನೆಂದು ತನಗೆ ಗೊತ್ತಿಲ್ಲ ಎಂದು, ಎಪ್ಪತ್ತಾರನೆಯ ವಯಸ್ಸಿನಲ್ಲಿ ರಾಲ್ಸ್ ಬರೆದರು.